ಹರೆಯದ ಚಾಲಕ ತೆರುವ ಬೆಲೆ

ಅಮೆರಿಕದಲ್ಲಿ ನೆಲೆಸಿರುವ ನೆಂಟರಿಷ್ಟರಿಂದ ನಮ್ಮ ಮನೆಗಳಿಗೆ ಬರುವ ಸುದ್ದಿಗಳಲ್ಲಿ ಒಂದು ಬಗೆಯ ಸುದ್ದಿ ಈಚೆಗೆ ಪರಿಚಿತವಾಗಿದೆ. ಮಗಳಿಗೆ ಹದಿನಾರು ತುಂಬಿತು, ಕಾರು ಓಡಿಸುವ ಲೈಸೆನ್ಸು ಕೈಗೆ ಬಂತು ಎಂಬ ಹಿಗ್ಗಿನ ಮಾತು ಮೊದಲು. ಅದರ ಬೆನ್ನಿಗೇ, ಮನೆಯ ಕಾರುಗಳ ವಿಮೆಯ ಕಂತು ಹೆಚ್ಚುಕಡಿಮೆ ಇಮ್ಮಡಿಯಾಯಿತು ಎಂಬ ನಿಟ್ಟುಸಿರು. ಕಾರು ಅದೇ, ಮನೆ ಅದೇ, ಓಡಾಡುವ ರಸ್ತೆಯೂ ಅದೇ. ಹುಡುಗಿ ಇನ್ನೂ ಒಂದು ಬೇಲಿಗೂ ಕಾರನ್ನು ತಾಗಿಸಿಲ್ಲ. ಆದರೂ ಅವಳ ಹೆಸರು ಕಂಡೊಡನೆ ವಿಮಾ ಕಂಪನಿ ಬೆಲೆಯನ್ನು ಏರಿಸುತ್ತದೆ. ಈ ಬೆಲೆ ಎಲ್ಲಿಂದ ಹುಟ್ಟಿತು? ಇದು ನ್ಯಾಯವೇ? ಇಷ್ಟನ್ನು ತೆತ್ತವರಿಗೆ ದೊರೆಯುವ ರಕ್ಷಣೆಯಾದರೂ ಎಂಥದು? ಈ ಮೂರು ಪ್ರಶ್ನೆಗಳನ್ನು ಇಂದು ನಿಮ್ಮ ಮುಂದೆ ಬಿಡಿಸಿಡಲು ಯತ್ನಿಸುತ್ತೇನೆ.

ಮೊದಲು ಹೆಸರಿನ ವಿಚಾರ. ಅಲ್ಲಿನ ಜನ ಆಡುಮಾತಿನಲ್ಲಿ ‘ಫುಲ್ ಕವರೇಜ್’ ಎನ್ನುತ್ತಾರೆ. ಸಂಪೂರ್ಣ ರಕ್ಷಣೆ ಎಂದು ಅದರ ಅರ್ಥ. ನಿಜವಾಗಿ ಆ ಹೆಸರಿನ ಪ್ರತ್ಯೇಕ ವಿಮೆಯೊಂದು ಇಲ್ಲ. ಮುಖ್ಯವಾಗಿ ಮೂರು ವಿಮೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದಕ್ಕೆ ಜನರಿಟ್ಟ ಹೆಸರು ಅದು. ಮೊದಲನೆಯದು ಹೊಣೆಯ ವಿಮೆ. ನಮ್ಮ ತಪ್ಪಿನಿಂದ ಇತರರಿಗೆ ಆದ ಗಾಯ, ಸಾವು, ಆಸ್ತಿನಷ್ಟ ಇವುಗಳಿಗೆ ನಾವು ಕೊಡಬೇಕಾದ ಪರಿಹಾರವನ್ನು ಅದು ಕೊಡುತ್ತದೆ. ಎರಡನೆಯದು ಡಿಕ್ಕಿಯ ವಿಮೆ. ನಮ್ಮ ಕಾರು ಇನ್ನೊಂದು ಕಾರಿಗೋ ಕಂಬಕ್ಕೋ ಬಡಿದು ನುಗ್ಗಾದಾಗ ರಿಪೇರಿಯ ಹಣ ಅದರಿಂದ ಬರುತ್ತದೆ. ಮೂರನೆಯದು ಕಳವು, ಬೆಂಕಿ, ಆಲಿಕಲ್ಲು, ಪ್ರವಾಹ, ಅಡ್ಡ ಬಂದ ಜಿಂಕೆ ಮುಂತಾದ ಉಳಿದ ಆಪತ್ತುಗಳಿಗೆ. ಕೊನೆಯ ಎರಡರಲ್ಲಿ ಪ್ರತಿ ಸಲವೂ ಮೊದಲ ಐನೂರೋ ಸಾವಿರವೋ ಡಾಲರನ್ನು ಒಡೆಯನೇ ಭರಿಸಬೇಕೆಂಬ ಕರಾರು ಸಾಮಾನ್ಯ. ಸಾಲ ಮಾಡಿ ಕಾರು ಕೊಂಡವನಿಗೆ ಈ ಎರಡನ್ನೂ ಮಾಡಿಸಬೇಕೆಂದು ಸಾಲ ಕೊಟ್ಟವರೇ ಷರತ್ತು ಹಾಕುತ್ತಾರೆ.

ಗಮನಿಸಿ: ಮೂರರಲ್ಲಿ ಎರಡು ರಕ್ಷಿಸುವುದು ನಮ್ಮ ಕಾರನ್ನು. ಇತರರನ್ನೂ, ಅವರ ಮೂಲಕ ನಮ್ಮ ಮನೆಮಾರನ್ನೂ ಕಾಯುವುದು ಮೊದಲನೆಯದೊಂದೇ. ಆ ಮೊದಲನೆಯದಕ್ಕೆ ಒಂದು ಮಿತಿ ಇರುತ್ತದೆ. ಕ್ಯಾಲಿಫೋರ್ನಿಯ ರಾಜ್ಯವನ್ನು ನೋಡೋಣ. ಅಲ್ಲಿ ಕಾನೂನು ವಿಧಿಸಿದ ಕನಿಷ್ಠ ಹೊಣೆ 1967ರಿಂದ 2024ರ ಕೊನೆಯವರೆಗೆ ಹೀಗಿತ್ತು: ಒಬ್ಬ ಗಾಯಾಳುವಿಗೆ 15,000 ಡಾಲರು, ಒಂದು ಅಪಘಾತದ ಎಲ್ಲ ಗಾಯಾಳುಗಳಿಗೆ ಸೇರಿ 30,000, ಆಸ್ತಿನಷ್ಟಕ್ಕೆ 5,000. ಅರ್ಧ ಶತಮಾನಕ್ಕೂ ಮಿಕ್ಕಿ ಕದಲದಿದ್ದ ಈ ಅಂಕಿಗಳು 2025ರ ಜನವರಿ 1ರಿಂದ ಕ್ರಮವಾಗಿ 30,000, 60,000 ಮತ್ತು 15,000 ಆದವು. ಹೊಸ ಕಾರಿನ ಸರಾಸರಿ ಬೆಲೆಯೇ 40,000 ಡಾಲರನ್ನು ಮೀರಿರುವ ನಾಡಿನಲ್ಲಿ 15,000ದಿಂದ ಎದುರಿನವನ ಒಂದು ಹೊಸ ಕಾರಿನ ಬೆಲೆಯನ್ನು ಕೂಡ ತುಂಬಲಾಗದು. ಮಿತಿ ಮೀರಿದ ಹಣಕ್ಕೆ ಚಾಲಕನೇ ಹೊಣೆ. ‘ಸಂಪೂರ್ಣ’ ಎಂಬ ವಿಶೇಷಣ ಹೀಗೆ ಕಾರಿಗೆ ಒಪ್ಪಬಹುದಾದರೂ ಕುಟುಂಬಕ್ಕೆ ಒಪ್ಪುವುದಿಲ್ಲ.

ಇನ್ನು ಬೆಲೆಯ ಹುಟ್ಟು. ಹನಿ ಹನಿ ಗೂಡಿದರೆ ಹಳ್ಳ ಎಂಬುದು ನಮ್ಮ ಗಾದೆ. ವಿಮೆ ಈ ಗಾದೆಯ ವ್ಯಾಪಾರ. ಸಾವಿರ ಮಂದಿ ಚಾಲಕರ ಒಂದು ಗುಂಪನ್ನು ಊಹಿಸಿಕೊಳ್ಳಿ. ಒಂದು ವರ್ಷದಲ್ಲಿ ಅವರಲ್ಲಿ ನಲವತ್ತು ಮಂದಿ ಅಪಘಾತ ಮಾಡುತ್ತಾರೆ, ಒಂದೊಂದಕ್ಕೂ 5,000 ಡಾಲರು ವೆಚ್ಚವಾಗುತ್ತದೆ ಎಂದಿಟ್ಟುಕೊಳ್ಳೋಣ. ಒಟ್ಟು ಎರಡು ಲಕ್ಷ. ತಲೆಗೆ 200 ಡಾಲರು ಎತ್ತಿದರೆ ಲೆಕ್ಕ ಸರಿಹೋಗುತ್ತದೆ. ಇನ್ನೊಂದು ಗುಂಪಿನಲ್ಲಿ ನಲವತ್ತರ ಬದಲು ನೂರಿಪ್ಪತ್ತು ಅಪಘಾತಗಳಾದರೆ ತಲೆಗೆ 600 ಬೇಕಾಗುತ್ತದೆ. ಈ ಎರಡನೆಯ ಗುಂಪಿನಲ್ಲಿಯೂ ಎಂಟುನೂರ ಎಂಬತ್ತು ಮಂದಿ ನಿರಪರಾಧಿಗಳು ಎಂಬುದನ್ನು ಮರೆಯಬಾರದು. ಆದರೆ ವರ್ಷದ ಮೊದಲ ದಿನ ಯಾರು ಆ ನೂರಿಪ್ಪತ್ತರಲ್ಲಿ ಸೇರುವವರು, ಯಾರು ಅಲ್ಲ ಎಂದು ಹೇಳಬಲ್ಲವರಿಲ್ಲ. ವ್ಯಕ್ತಿಯನ್ನು ಅರಿಯಲಾರದ ಕಂಪನಿ ಅವನ ಗುಂಪನ್ನು ಅರಿತು ಬೆಲೆ ಕಟ್ಟುತ್ತದೆ. ಹರೆಯದವನು ತೆರುವುದು ತನ್ನ ಬೆಲೆಯನ್ನಲ್ಲ, ತನ್ನ ಓರಗೆಯವರ ಬೆಲೆಯನ್ನು.

ಊಹೆಯ ಲೆಕ್ಕದಿಂದ ನಿಜದ ರಸ್ತೆಗೆ ಬರೋಣ. ಓಡಿಸಿದ ಒಂದೊಂದು ಮೈಲಿಗೆ ಎಣಿಸಿದರೆ, ಅಮೆರಿಕದಲ್ಲಿ 16ರಿಂದ 19 ವರ್ಷದ ಚಾಲಕರು ಪ್ರಾಣಾಪಾಯದ ಅಪಘಾತಗಳಲ್ಲಿ ಸಿಲುಕುವ ಪ್ರಮಾಣ 20 ದಾಟಿದವರದಕ್ಕಿಂತ ಸುಮಾರು ಮೂರು ಪಟ್ಟು. ಇದಕ್ಕೆ ಎರಡು ಕಾರಣಗಳುಂಟು. ಅವನ್ನು ಬೇರೆ ಬೇರೆಯಾಗಿಯೇ ನೋಡಬೇಕು. ಒಂದು, ಅನನುಭವ. ಪಳಗಿದ ಚಾಲಕನ ಕಣ್ಣು ದೂರದಲ್ಲಿ ರಸ್ತೆಗೆ ಉರುಳಿ ಬಂದ ಚೆಂಡನ್ನು ಕಂಡು, ಅದರ ಹಿಂದೆ ಓಡಿ ಬರಲಿರುವ ಮಗುವನ್ನು ಊಹಿಸುತ್ತದೆ. ಹೊಸಬನ ಕಣ್ಣು ತನ್ನ ಕಾರಿನ ಮೂಗಿನಾಚೆ ಹೋಗಿರುವುದಿಲ್ಲ. ಲೈಸೆನ್ಸು ಬಂದ ಮೊದಲ ಕೆಲವು ತಿಂಗಳುಗಳೇ ಎಲ್ಲಕ್ಕಿಂತ ಅಪಾಯದವು. ಇನ್ನೊಂದು, ವಯಸ್ಸಿನ ಸ್ವಭಾವ. ಅದೇ ಹುಡುಗ ತಂದೆಯ ಪಕ್ಕದಲ್ಲಿ ಕುಳಿತು ಓಡಿಸುವ ರೀತಿ ಬೇರೆ, ಮೂವರು ಗೆಳೆಯರನ್ನು ತುಂಬಿಕೊಂಡು ಓಡಿಸುವ ರೀತಿ ಬೇರೆ. ಓರಗೆಯವರು ಕಾರಿನಲ್ಲಿ ಹೆಚ್ಚಿದಂತೆ ಅಪಾಯವೂ ಹೆಚ್ಚುತ್ತದೆ. ಅದಕ್ಕೆ ರಾತ್ರಿ ಸೇರಿದರೆ ಕೇಳುವುದೇ ಬೇಡ.

ಹಾಗಾದರೆ ಅವರು ತೆರುವುದೆಷ್ಟು? ರಾಜ್ಯ, ಊರು, ಕಾರಿನ ಬಗೆ, ಕಂಪನಿ ಇವುಗಳನ್ನು ಅನುಸರಿಸಿ ಅಂಕಿಗಳು ಬಹಳ ಏರಿಳಿಯುವುದರಿಂದ ಅಳತೆಯನ್ನು ಮಾತ್ರ ಹೇಳಬಹುದು. ಈಚಿನ ವರ್ಷಗಳಲ್ಲಿ, ತಪ್ಪಿಲ್ಲದೆ ಓಡಿಸಿದ ನಡುವಯಸ್ಕನೊಬ್ಬ ಈ ಮೂರು ವಿಮೆಗಳ ಗಂಟಿಗೆ ವರ್ಷಕ್ಕೆ ಸುಮಾರು ಎರಡು ಸಾವಿರ ಡಾಲರು ಅಥವಾ ಅದಕ್ಕೂ ಮಿಗಿಲು ತೆರುತ್ತಿದ್ದರೆ, ಹದಿನೆಂಟರ ಯುವಕ ತನ್ನ ಹೆಸರಿನಲ್ಲೇ ಪಾಲಿಸಿ ತೆಗೆದುಕೊಂಡಾಗ ಅದರ ಎರಡು ಮೂರು ಪಟ್ಟು ತೆರಬೇಕಾಗುವುದು ಸಾಮಾನ್ಯ. ತಂದೆತಾಯಿಗಳ ಪಾಲಿಸಿಯಲ್ಲೇ ಹೆಸರು ಸೇರಿಸಿದರೆ ಹೊರೆ ಕಡಮೆಯಾಗುತ್ತದೆ, ಏಕೆಂದರೆ ಹಿರಿಯರ ಒಳ್ಳೆಯ ದಾಖಲೆ ಕಿರಿಯನಿಗೂ ತುಸು ನೆರಳಾಗುತ್ತದೆ. ಇಪ್ಪತ್ತು ದಾಟಿದ ಮೇಲೆ ಬೆಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತ, ಇಪ್ಪತ್ತೈದರ ಸುಮಾರಿಗೆ ಇತರರ ಬೆಲೆಯನ್ನು ಸಮೀಪಿಸುತ್ತದೆ. ಇಲ್ಲಿಂದ ಉನ್ನತ ವ್ಯಾಸಂಗಕ್ಕೆಂದು ಹೋಗಿ ಹಳೆಯ ಕಾರೊಂದನ್ನು ಕೊಳ್ಳುವ ನಮ್ಮ ವಿದ್ಯಾರ್ಥಿಗಳಿಗೆ ಆ ನೆರಳೂ ಇಲ್ಲ. ಅವರು ಊರಿನಲ್ಲಿ ಕಾರು ಓಡಿಸಿದ ವರ್ಷಗಳನ್ನು ಎಲ್ಲ ಕಂಪನಿಗಳೂ ಒಂದೇ ರೀತಿಯಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಪ್ಪತ್ತಮೂರರ ಪದವೀಧರ ಕೆಲವೆಡೆ ಹೊಸ ಚಾಲಕನೆಂದೇ ಎಣಿಸಲ್ಪಡುತ್ತಾನೆ.

ಈಗ ನ್ಯಾಯದ ಪ್ರಶ್ನೆ. ಒಬ್ಬನ ತಪ್ಪಿಗೆ ಇನ್ನೊಬ್ಬನು ದಂಡ ತೆರಬೇಕೆ? ಈ ಪ್ರಶ್ನೆಗೆ ಬೇರೆ ಬೇರೆ ನಾಡುಗಳು ಬೇರೆ ಬೇರೆ ಉತ್ತರ ಕೊಟ್ಟಿವೆ. ಹವಾಯಿ ರಾಜ್ಯದಲ್ಲಿ ವಯಸ್ಸನ್ನಾಗಲಿ, ಲಿಂಗವನ್ನಾಗಲಿ, ಓಡಿಸಿದ ವರ್ಷಗಳನ್ನಾಗಲಿ ನೋಡಿ ಬೆಲೆ ಕಟ್ಟುವಂತಿಲ್ಲ. ಕ್ಯಾಲಿಫೋರ್ನಿಯದ ಮತದಾರರು 1988ರ ನವೆಂಬರಿನಲ್ಲಿ ಒಪ್ಪಿದ ಕಾನೂನು ಮೂರು ಸಂಗತಿಗಳಿಗೆ ಅಗ್ರಸ್ಥಾನ ಕೊಟ್ಟಿತು: ಮೊದಲು ಚಾಲಕನ ದಾಖಲೆ, ಆಮೇಲೆ ವರ್ಷಕ್ಕೆ ಓಡಿಸುವ ಮೈಲಿಗಳು, ಆಮೇಲೆ ಓಡಿಸಿದ ಅನುಭವದ ವರ್ಷಗಳು. ಗಂಡು ಹೆಣ್ಣೆಂಬ ಭೇದವನ್ನು ಆ ರಾಜ್ಯ 2019ರಿಂದ ಕೈಬಿಟ್ಟಿತು. ಯೂರೋಪಿನ ಉಚ್ಚ ನ್ಯಾಯಪೀಠ 2011ರ ಮಾರ್ಚ್ 1ರಂದು ಇತ್ತ ತೀರ್ಪಿನಂತೆ, 2012ರ ಡಿಸೆಂಬರ್ 21ರಿಂದ ಯೂರೋಪಿಯನ್ ಒಕ್ಕೂಟದಲ್ಲಿಯೂ ಹೊಸ ಪಾಲಿಸಿಗಳಿಗೆ ಲಿಂಗವನ್ನು ಅನುಸರಿಸಿ ಬೇರೆ ಬೇರೆ ಬೆಲೆ ಹಾಕುವಂತಿಲ್ಲ.

ಆದರೆ ಒಂದು ಮಾತು ನೆನಪಿರಲಿ. ಬೆಲೆಯನ್ನು ಸಮ ಮಾಡಿದ ಮಾತ್ರಕ್ಕೆ ಅಪಘಾತಗಳು ಕಡಮೆಯಾಗುವುದಿಲ್ಲ. ಅವುಗಳ ವೆಚ್ಚ ಹಿರಿಯರ ಕಂತಿಗೆ ವರ್ಗವಾಗುತ್ತದೆ, ಅಷ್ಟೆ. ವಯಸ್ಸಿಗಿಂತ ಅನುಭವವನ್ನು ಅಳೆಯುವುದು ನನಗೆ ಹೆಚ್ಚು ನ್ಯಾಯವೆಂದು ತೋರುತ್ತದೆ. ನಲವತ್ತರಲ್ಲಿ ಮೊದಲು ಸ್ಟಿಯರಿಂಗ್ ಹಿಡಿದವನೂ ಹೊಸಬನೇ ತಾನೆ? ವಯಸ್ಸು ಯಾರ ಕೈಯಲ್ಲೂ ಇಲ್ಲ. ಅನುಭವವನ್ನು ಎಚ್ಚರದಿಂದ ಗಳಿಸಬಹುದು.

ಹೊರೆ ತಡೆಯಲಾರದೆ ತಂದೆತಾಯಿಗಳು ಹಿಡಿಯುವ ದಾರಿಗಳಲ್ಲಿ ಎರಡು ಕೆಟ್ಟವು. ಮನೆಯಲ್ಲಿ ಓಡಿಸುವ ಮಗನೊಬ್ಬನಿದ್ದಾನೆ ಎಂಬುದನ್ನೇ ಕಂಪನಿಗೆ ತಿಳಿಸದಿರುವುದು ಒಂದು. ಅಪಘಾತವಾದ ದಿನ ಈ ಮೌನವನ್ನೇ ಮುಂದಿಟ್ಟು ಕಂಪನಿ ಪರಿಹಾರವನ್ನು ನಿರಾಕರಿಸಬಹುದು. ಆಗ ಅದುವರೆಗೆ ಕಟ್ಟಿದ್ದೆಲ್ಲ ನೀರಿನಲ್ಲಿ ಹೋಮ. ಇನ್ನೊಂದು, ಕಾರಿನ ಮೇಲಿನ ಮಮತೆಯಿಂದ ಡಿಕ್ಕಿಯ ವಿಮೆಯನ್ನು ಉಳಿಸಿಕೊಂಡು, ಹೊಣೆಯ ವಿಮೆಯನ್ನು ಕನಿಷ್ಠಕ್ಕೆ ಇಳಿಸುವುದು. ಮಾಡಬೇಕಾದದ್ದು ಇದರ ತಿರುಗುಮುರುಗು. ಮೂರು ಸಾವಿರ ಡಾಲರು ಬಾಳುವ ಹಳೆಯ ಕಾರಿಗೆ, ಮೊದಲ ಸಾವಿರವನ್ನು ತಾನೇ ಭರಿಸುವ ಕರಾರಿನ ಮೇಲೆ ಡಿಕ್ಕಿಯ ವಿಮೆ ಮಾಡಿಸಿದರೆ, ಕಾರು ಪೂರ್ತಿ ಹಾಳಾದಾಗಲೂ ಬರುವುದು ಎರಡೇ ಸಾವಿರ. ಒಬ್ಬ ಮನುಷ್ಯನ ಬೆನ್ನುಮೂಳೆ ಮುರಿದರೆ ಕೊಡಬೇಕಾದ ಪರಿಹಾರಕ್ಕೆ ಅಂಥ ಮಿತಿಯಿಲ್ಲ. ನಷ್ಟವಾದರೆ ತಡೆದುಕೊಳ್ಳಬಹುದಾದುದನ್ನು ಬಿಟ್ಟು, ತಡೆದುಕೊಳ್ಳಲಾಗದುದಕ್ಕೆ ವಿಮೆ ಮಾಡಿಸಬೇಕು.

ಸರಿಯಾದ ದಾರಿಗಳೂ ಇಲ್ಲದಿಲ್ಲ. ಶಾಲೆಯಲ್ಲಿ ‘ಬಿ’ ದರ್ಜೆಯ ಸರಾಸರಿ ಉಳಿಸಿಕೊಂಡವರಿಗೆ ಅನೇಕ ಕಂಪನಿಗಳು ರಿಯಾಯಿತಿ ಕೊಡುತ್ತವೆ. ಕಾರನ್ನು ಮನೆಯಲ್ಲೇ ಬಿಟ್ಟು ದೂರದ ಕಾಲೇಜಿಗೆ ಹೋದವರಿಗೂ ರಿಯಾಯಿತಿಯುಂಟು. ವೇಗ, ಬ್ರೇಕು, ಓಡಿಸಿದ ಹೊತ್ತು ಇವುಗಳನ್ನು ಗುರುತಿಸುವ ಉಪಕರಣಕ್ಕೆ ಒಪ್ಪಿದರೆ, ಕಂಪನಿ ಗುಂಪನ್ನು ಬಿಟ್ಟು ವ್ಯಕ್ತಿಯನ್ನೇ ಸ್ವಲ್ಪ ಮಟ್ಟಿಗೆ ನೋಡುತ್ತದೆ. ಕ್ಯಾಲಿಫೋರ್ನಿಯದಲ್ಲಿ ಲೈಸೆನ್ಸು ಪಡೆದು ಮೂರು ವರ್ಷ ಒಳ್ಳೆಯ ದಾಖಲೆ ಉಳಿಸಿಕೊಂಡ ಚಾಲಕನಿಗೆ ಕಡಮೆಯೆಂದರೂ ಶೇಕಡ 20 ರಿಯಾಯಿತಿ ಕೊಡಲೇಬೇಕೆಂದು ಕಾನೂನಿದೆ.

ಇವೆಲ್ಲ ಬೆಲೆಯನ್ನು ಇಳಿಸುವ ಮಾತಾಯಿತು. ಅಪಾಯವನ್ನೇ ಇಳಿಸುವ ಉಪಾಯವೂ ಒಂದುಂಟು. ಅದೇ ಮೆಟ್ಟಿಲು ಮೆಟ್ಟಿಲಾಗಿ ಲೈಸೆನ್ಸು ಕೊಡುವ ಪದ್ಧತಿ. 1987ರಲ್ಲಿ ನ್ಯೂಜಿಲೆಂಡ್ ದೇಶದಲ್ಲಿ ಜಾರಿಗೆ ಬಂದ ಈ ಪದ್ಧತಿಯನ್ನು ಅಮೆರಿಕದಲ್ಲಿ 1996ರಲ್ಲಿ ಫ್ಲಾರಿಡ ರಾಜ್ಯ, 1998ರಲ್ಲಿ ಕ್ಯಾಲಿಫೋರ್ನಿಯ, ಕ್ರಮೇಣ ಎಲ್ಲ ರಾಜ್ಯಗಳೂ ಒಂದಲ್ಲ ಒಂದು ರೂಪದಲ್ಲಿ ಅನುಸರಿಸಿದವು. ಕ್ಯಾಲಿಫೋರ್ನಿಯದ ಕಿರಿಯ ಚಾಲಕ ಮೊದಲು ಆರು ತಿಂಗಳು ಹಿರಿಯರ ಜೊತೆಯಲ್ಲಿ ಐವತ್ತು ಗಂಟೆಗಳ ಅಭ್ಯಾಸ ಮಾಡಬೇಕು. ಅದರಲ್ಲಿ ಹತ್ತು ಗಂಟೆ ರಾತ್ರಿಯ ಹೊತ್ತು. ಲೈಸೆನ್ಸು ಬಂದ ಮೇಲೂ ಒಂದು ವರ್ಷ, ಜೊತೆಗೆ ಪಳಗಿದ ಹಿರಿಯರಿಲ್ಲದೆ ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ ಓಡಿಸುವಂತಿಲ್ಲ. ಇಪ್ಪತ್ತರೊಳಗಿನ ಗೆಳೆಯರನ್ನು ಕೂರಿಸಿಕೊಳ್ಳುವಂತಿಲ್ಲ. ರಾತ್ರಿ ಮತ್ತು ಗೆಳೆಯರು—ಬೆಲೆಯನ್ನು ಏರಿಸಿದ ಅವೇ ಎರಡು ಸಂಗತಿಗಳನ್ನು ಕಾನೂನು ಇಲ್ಲಿ ತಡೆಹಿಡಿಯುತ್ತದೆ.

ಕೊನೆಯದಾಗಿ ನಮ್ಮ ಮನೆಯ ಮಾತು. ನಮ್ಮ ದೇಶದಲ್ಲಿ ಮೂರನೆಯವರ ಹಾನಿಗಾಗಿ ಮಾಡಿಸಲೇಬೇಕಾದ ವಿಮೆಯ ದರವನ್ನು ಸರಕಾರ ಗೊತ್ತುಮಾಡುತ್ತದೆ. ಖಾಸಗಿ ಕಾರಿಗೆ ಅದು ಎಂಜಿನ್ನಿನ ಗಾತ್ರವನ್ನು ಅನುಸರಿಸುತ್ತದೆ. 2022ರ ಜೂನ್ 1ರಂದು ಜಾರಿಗೆ ಬಂದ ದರಪಟ್ಟಿಯಲ್ಲಿ, 1,000 ಸಿ.ಸಿ. ಮೀರಿದ, 1,500 ಸಿ.ಸಿ.ವರೆಗಿನ ಕಾರಿಗೆ ವರ್ಷಕ್ಕೆ 3,416 ರೂಪಾಯಿ. ಓಡಿಸುವವನು ಹದಿನೆಂಟರವನೋ ಅರುವತ್ತರವನೋ ಎಂದು ಆ ಪಟ್ಟಿ ಕೇಳುವುದಿಲ್ಲ. ಇದರಿಂದ ನಮ್ಮ ಕಿರಿಯರಿಗೆ ಲಾಭವಾಯಿತೆನ್ನಬಹುದು. ಆದರೆ ಅಲ್ಲಿನ ತಂದೆಗೆ ಕಂತಿನ ಚೀಟಿ ತಿಳಿಸುವ ಸತ್ಯವನ್ನು ಇಲ್ಲಿನ ತಂದೆಗೆ ಯಾವ ಚೀಟಿಯೂ ತಿಳಿಸುವುದಿಲ್ಲ. ಹದಿನಾರರ ಮಗನ ಕೈಗೆ ಕಾರಿನ ಕೀಲಿ ಕೊಡುವಾಗ ನಮ್ಮ ಜೇಬಿಗೆ ಏನೂ ತಗಲುವುದಿಲ್ಲ. ಹೀಗಾಗಿ ಏನೂ ತಗಲುವುದೇ ಇಲ್ಲವೆಂದು ಭ್ರಮಿಸುತ್ತೇವೆ. 2019ರ ತಿದ್ದುಪಡಿಯಂತೆ, ಬಾಲಕನು ವಾಹನ ಓಡಿಸಿ ಅಪರಾಧ ಮಾಡಿದರೆ ಪೋಷಕನಿಗೋ ಒಡೆಯನಿಗೋ ಮೂರು ವರ್ಷದವರೆಗೆ ಸೆರೆಮನೆ, 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಬಾಲಕನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸಿಲ್ಲ. ಲೈಸೆನ್ಸಿಲ್ಲದವನು ಓಡಿಸಿದ ಪ್ರಸಂಗಗಳಲ್ಲಿ, ವಿಮಾ ಕಂಪನಿ ಮೊದಲು ನೊಂದವರಿಗೆ ಪರಿಹಾರ ಕೊಟ್ಟು ಆಮೇಲೆ ಆ ಹಣವನ್ನು ಒಡೆಯನಿಂದಲೇ ವಸೂಲು ಮಾಡಿಕೊಳ್ಳುವಂತೆ ನ್ಯಾಯಾಲಯಗಳು ಆಜ್ಞಾಪಿಸಿದ್ದುಂಟು.

ಆದುದರಿಂದ ಹರೆಯದವರ ವಿಮೆಯ ಕಂತನ್ನು ಬರಿಯ ಸುಲಿಗೆಯೆಂದು ಬಗೆಯದೆ, ಅದನ್ನು ಒಂದು ಎಚ್ಚರಿಕೆಯ ಓಲೆಯೆಂದು ಓದಿಕೊಳ್ಳುವುದು ಲೇಸು. ಈ ವಯಸ್ಸಿನವರಲ್ಲಿ ಇಷ್ಟು ಮಂದಿ ಮನೆಗೆ ಹಿಂದಿರುಗಲಿಲ್ಲ ಎಂಬ ವಾರ್ತೆಯನ್ನು ಅದು ಡಾಲರಿನ ಭಾಷೆಯಲ್ಲಿ ಹೇಳುತ್ತಿದೆ. ಅಂಥ ಓಲೆ ನಮಗೆ ಬರುವುದಿಲ್ಲವೆಂದ ಮೇಲೆ ಅದರೊಳಗಿನ ಮಾತನ್ನು ನಾವೇ ತಿಳಿದುಕೊಳ್ಳಬೇಕಾಗಿದೆ. ಕೀಲಿ ಕೇಳಿದ ಮಗನಿಗೆ ‘ಇನ್ನೂ ಎರಡು ವರ್ಷ ತಾಳು’ ಎನ್ನುವುದು, ಲೈಸೆನ್ಸು ಬಂದ ಮಗಳ ಪಕ್ಕದಲ್ಲಿ ಐವತ್ತು ಗಂಟೆ ಕುಳಿತಿರುವುದು—ಇವಕ್ಕೆ ಕಂತಿಲ್ಲ, ರಸೀತಿಯಿಲ್ಲ. ಆದರೆ ಯಾವ ಕಂಪನಿಯೂ ಮಾರಲಾರದ ವಿಮೆ ಅದೇ.