ಮಸಾರಿ ನೆಲದ ಎಕ್ಕಿ

ಇರಕಲ್ಲಗಡ ದಾಟಿ ಹೊಲದ ಬದುವಿನ ಕಾಲುದಾರಿ ಹಿಡಿದರೆ ಕೆಂಪು ಮಸಾರಿ ನೆಲ, ಅದರಾಚೆ ಬಂಡೆಗಲ್ಲುಗಳ ಗುಡ್ಡ, ನಡುವೆ ಯಾರೂ ನೆಡದ, ಯಾರೂ ನೀರುಣಿಸದ ಎಕ್ಕಿ ಗಿಡಗಳು. ಬೇಸಿಗೆಯ ಬಿಸಿಲಿಗೆ ಬೇಲಿಯ ಬಳ್ಳಿಗಳೆಲ್ಲ ಸುರುಟಿಕೊಂಡರೂ ಇದಕ್ಕೆ ಅದರ ಪರಿವೆಯಿಲ್ಲ. ಬೂದಿ ಬಳಿದಂಥ ದಪ್ಪ ಎಲೆ ಮುಟ್ಟಿದರೆ ಬಿಳಿ ಪುಡಿ ಬೆರಳಿಗೆ ಹತ್ತುತ್ತದೆ. ಟೊಂಗೆಯ ತುದಿಯಲ್ಲಿ ತಿಳಿನೇರಳೆ ಹೂವಿನ ಗೊಂಚಲು. ಗಂಟೆಯ ಸದ್ದು ಮಾಡುತ್ತ ಬಂದ ಆಡಿನ ಹಿಂಡು ಜಾಲಿಕಾಯಿ ಬಿಡದು, ಮುಳ್ಳುಕಂಟಿಯನ್ನೂ ಬಿಡದು, ಎಕ್ಕಿಯನ್ನು ಮಾತ್ರ ಮೂಸಿ ಮುಂದೆ ಹೋಗುತ್ತದೆ.

ಯಾಕೆಂದು ತಿಳಿಯಲು ಒಂದು ಎಲೆ ಮುರಿದರೆ ಸಾಕು. ಬಿಳಿ ಹಾಲು ತೊಟತೊಟ ಇಳಿಯುತ್ತದೆ. ಅದರಲ್ಲಿರುವ ಕ್ಯಾಲೊಟ್ರೊಪಿನ್‌ನಂಥ ವಿಷಗಳು ಹೃದಯದ ಬಡಿತವನ್ನೇ ತಪ್ಪಿಸಬಲ್ಲವು. ಆದರೂ ಈ ಎಲೆಯನ್ನೇ ತಿಂದು ಬೆಳೆಯುವ ಹುಳ ಒಂದಿದೆ. ಎಲೆಯ ಅಡಿಗೆ ಕಣ್ಣು ಹಾಯಿಸಿ: ಕಪ್ಪು, ಬಿಳಿ, ಹಳದಿ ಪಟ್ಟೆಯ ಕಂಬಳಿಹುಳ ಮೊದಲು ಎಲೆಯ ನರ ಕಡಿದು ಹಾಲು ಬಸಿಯಗೊಟ್ಟು, ಆಮೇಲೆ ನಿಧಾನಕ್ಕೆ ಮೇಯುತ್ತದೆ. ತಿಂದ ವಿಷ ಮೈಯಲ್ಲೇ ಉಳಿದು, ಮುಂದೆ ರೆಕ್ಕೆ ಮೂಡಿ ಕಿತ್ತಳೆ ಬಣ್ಣದ ಚಿಟ್ಟೆಯಾದಾಗಲೂ ಹಕ್ಕಿಗಳಿಂದ ಕಾಯುತ್ತದೆ. ಇನ್ನೊಂದು ಜಾತಿಯ ಹೆಣ್ಣು ಚಿಟ್ಟೆ ವಿಷದ ಗೊಡವೆಗೇ ಹೋಗದೆ ಇದೇ ವೇಷ ತೊಟ್ಟು ಬಚಾವಾಗುತ್ತದೆ. ನನಗೆ ಅದೇ ಹೆಚ್ಚು ಜಾಣೆ ಅನ್ನಿಸುತ್ತದೆ.

ಅಷ್ಟರಲ್ಲಿ ಗುಂಯ್ ಎಂದು ಕರಿ ಬಡಗಿ ದುಂಬಿ ಬಂತು. ಹೂವಿನ ಐದು ಎಸಳುಗಳ ನಡುವೆ ಐದು ಮೂಲೆಯ ಪುಟ್ಟ ಕಿರೀಟ; ಮಕರಂದಕ್ಕೆ ಬಗ್ಗಿದ ದುಂಬಿಯ ಕಾಲು ಅಲ್ಲಿನ ಸಂದಿಗೆ ಜಾರುತ್ತದೆ, ಎಳೆದುಕೊಂಡಾಗ ಪರಾಗದ ಜೋಡಿ ಗಂಟು ಕಾಲಿಗೇ ಸಿಕ್ಕಿ ಬರುತ್ತದೆ, ಮುಂದಿನ ಹೂವಿನಲ್ಲಿ ಅದನ್ನು ಇಳಿಸಬೇಕು. ಪುಡಿಯಾಗಿ ಉದುರುವ ಪರಾಗ ಇಲ್ಲಿಲ್ಲ. ಕಾಯಿ ಬಲಿತು ಬಿರಿದರೆ ರೇಷ್ಮೆ ಎಳೆ ಹೊತ್ತ ಬೀಜಗಳು ಗಾಳಿಗೆ ಹಾರಿ ಹೊಲ, ಹಾಳು ಗೋಡೆ, ರಸ್ತೆಯಂಚು ಎಲ್ಲೆಂದರಲ್ಲಿ ಇಳಿಯುತ್ತವೆ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಈ ಗಿಡದ ಹೆಸರಿಗೆ ‘ದೈತ್ಯ’ ಎಂಬರ್ಥದ ಪದ ಸೇರಿಸಿದ್ದು ಸುಮ್ಮನಲ್ಲ. ನೆಲ ಒಗ್ಗಿದರೆ ಆಳೆತ್ತರ ಮೀರುತ್ತದೆ.

ಊರಿನ ಮಂದಿಗೆ ಇದು ಹಗೆಯ ಗಿಡವಲ್ಲ. ಶನಿವಾರ ಹನುಮಪ್ಪನಿಗೆ ಇದರದೇ ಹಾರ, ರಥಸಪ್ತಮಿಯ ಸ್ನಾನಕ್ಕೆ ಏಳು ಎಲೆ, ಕಾಲಿಗೆ ಮುಳ್ಳು ನೆಟ್ಟರೆ ಒಂದು ಹನಿ ಹಾಲು. ಮೊಗ್ಗನ್ನು ಟಪ್ ಎಂದು ಒಡೆಯುವುದು ಹುಡುಗರ ಆಟ, “ಕಣ್ಣು ಮುಟ್ಕೋಬ್ಯಾಡ್ರಲೇ” ಎಂದು ಬೈಯುವುದು ಹಿರಿಯರ ಪಾಡು. ಕಾನೂನೂ ಅದನ್ನೇ ಹೇಳುತ್ತದೆ: 1945ರ ಔಷಧ ನಿಯಮಗಳ ಇ(1) ಅನುಸೂಚಿಯ ವಿಷಮೂಲಿಕೆಗಳಲ್ಲಿ ದತ್ತೂರಿಯ ಜೊತೆ ಎಕ್ಕಿಯೂ ಇದೆ, ಇದನ್ನು ಬೆರೆಸಿದ ಆಯುರ್ವೇದ ಔಷಧಿಯನ್ನು ವೈದ್ಯರ ನಿಗಾದಲ್ಲೇ ಸೇವಿಸಬೇಕು.

ಹಾರಕ್ಕೆ ಹೂ ಬಿಡಿಸಿದ ಮೇಲೆ ಕೈ ತೊಳೆಯದೆ ಮುಖ ಮುಟ್ಟಬೇಡಿ. ಹಾಲು ಕಣ್ಣಿಗೆ ಸಿಡಿದರೆ ಅಷ್ಟಾಗಿ ನೋಯದೆಯೇ ದೃಷ್ಟಿ ಮಂಜಾಗುವುದುಂಟು. ನೋವಿಲ್ಲವೆಂದು ಸುಮ್ಮನಿರದೆ, ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆದು ಅಂದೇ ಕಣ್ಣಿನ ಡಾಕ್ಟರರನ್ನು ಕಾಣಿ.