ಉಜಿಯ ಚಹಾ ಎಲ್ಲಿ ಬೆಳೆಯುತ್ತದೆ?

ಕ್ಯೋಟೊ ನಗರದಿಂದ ದಕ್ಷಿಣಕ್ಕೆ ಹೊರಟ ರೈಲು ಅರ್ಧ ಗಂಟೆಯೊಳಗೆ ಉಜಿ ತಲುಪಿಸುತ್ತದೆ. ಹಸಿರು ಚಹಾಕ್ಕೆ ಜಪಾನಿನಲ್ಲಿ ಇದಕ್ಕಿಂತ ದೊಡ್ಡ ಹೆಸರಿನ ಊರಿಲ್ಲ. ಜೆಆರ್ ನಿಲ್ದಾಣದ ಎದುರಿನ ಅಂಚೆ ಪೆಟ್ಟಿಗೆಯೇ ಚಹಾ ಜಾಡಿಯ ಆಕಾರದಲ್ಲಿದೆ. ಅಲ್ಲಿಂದ ಬ್ಯೊದೊಇನ್ ದೇವಾಲಯದ ಕಡೆಗೆ ನಡೆದರೆ ಬೀದಿಯ ಎರಡೂ ಬದಿ ಚಹಾ ಅಂಗಡಿಗಳು, ಎಲೆ ಹುರಿಯುವ ಘಮ, ಹಸಿರು ಐಸ್‌ಕ್ರೀಂ, ಹಸಿರು ನೂಡಲ್ಸ್. ಮುನ್ನಾರ್, ಊಟಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರು ಗುಡ್ಡದ ತುಂಬ ಹಾಸಿದ ತೋಟ ಎಲ್ಲಿದೆ ಎಂದು ಕಣ್ಣು ಹಾಯಿಸಿದರೆ ಕಾಣುವುದು ಮನೆಗಳು, ರೈಲು ಹಳಿ, ಸೇತುವೆ. ಮಧ್ಯಯುಗದ ದೊರೆಗಳ ಕಾಲದಿಂದ ‘ಏಳು ಹೆಸರಾಂತ ತೋಟ’ಗಳೆಂದು ಹೊಗಳಿಸಿಕೊಂಡವುಗಳಲ್ಲಿ ಇಂದು ಉಳಿದಿರುವುದು ಒಕುನೊಯಾಮಾ ಒಂದೇ, ಉಳಿದ ಆರನ್ನೂ ಊರು ನುಂಗಿಹಾಕಿದೆ. ಇಡೀ ಕ್ಯೋಟೊ ಪ್ರಾಂತ್ಯವನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಜಪಾನಿನ ಚಹಾ ಉತ್ಪಾದನೆಯಲ್ಲಿ ಅದರ ಪಾಲು ಶೇಕಡಾ ಮೂರು–ನಾಲ್ಕು ಮಾತ್ರ. ರಾಶಿ ರಾಶಿ ಚಹಾ ಬೆಳೆಯುವುದು ಕಾಗೊಶಿಮಾ ಮತ್ತು ಶಿಜುಒಕಾದಲ್ಲಿ. ತಲೆಮಾರುಗಳ ಕಾಲ ಮೊದಲ ಸ್ಥಾನದಲ್ಲಿದ್ದ ಶಿಜುಒಕಾವನ್ನು 2024ರಲ್ಲಿ ಕಾಗೊಶಿಮಾ ಹಿಂದಿಕ್ಕಿತು. ಹಾಗಿದ್ದರೆ ಉಜಿಯ ಹೆಸರು ಯಾವುದರ ಮೇಲೆ ನಿಂತಿದೆ?

ಇದಕ್ಕೆ ಉತ್ತರವನ್ನು ಕ್ಯೋಟೊದ ಚಹಾ ವರ್ತಕರೇ 2004ರಲ್ಲಿ ಬರೆದಿಟ್ಟಿದ್ದಾರೆ. ಅವರು ಒಪ್ಪಿಕೊಂಡ ವ್ಯಾಖ್ಯೆಯ ಪ್ರಕಾರ ಎಲೆ ಕ್ಯೋಟೊ, ನಾರಾ, ಶಿಗಾ, ಮಿಎ ಈ ನಾಲ್ಕು ಪ್ರಾಂತ್ಯಗಳಲ್ಲಿ ಎಲ್ಲಿ ಬೆಳೆದದ್ದಾದರೂ ಆಗಬಹುದು. ಅದನ್ನು ಕ್ಯೋಟೊದ ವ್ಯಾಪಾರಿಗಳು, ಕ್ಯೋಟೊ ಪ್ರಾಂತ್ಯದ ಒಳಗೇ, ಉಜಿ ಪ್ರದೇಶದಿಂದ ಬಂದ ವಿಧಾನದಲ್ಲಿ ಕೊನೆಯ ಹದಕ್ಕೆ ತಂದಿರಬೇಕು. ಕ್ಯೋಟೊದ ಎಲೆಗೆ ಆದ್ಯತೆ ಇರಬೇಕು. ಅದೇ 2004ರಲ್ಲಿ ಡಾರ್ಜಿಲಿಂಗ್ ಚಹಾ ಭಾರತದ ಮೊತ್ತಮೊದಲ ಭೌಗೋಳಿಕ ಸೂಚಕ ನೋಂದಣಿ ಪಡೆಯಿತು. ಅಲ್ಲಿಯ ಹಾದಿ ಪೂರ್ತಿ ಬೇರೆ: ಗೊತ್ತುಪಡಿಸಿದ ಗುಡ್ಡ, ಗೊತ್ತುಪಡಿಸಿದ ತೋಟ, ಆ ತೋಟದ ಎಲೆ. ಡಾರ್ಜಿಲಿಂಗ್ ಮಣ್ಣಿಗೆ ಹೆಸರು ಕೊಟ್ಟಿತು, ಉಜಿ ಕೈಕೆಲಸಕ್ಕೆ ಕೊಟ್ಟಿತು. ಕನ್ನಡದ ಓದುಗರಿಗೆ ಇದು ತೀರಾ ಹೊಸದೇನಲ್ಲ. ಮೈಸೂರು ರೇಷ್ಮೆ ಸೀರೆ ಕೊಳ್ಳುವವರು ಗೂಡು ರಾಮನಗರದ ಮಾರುಕಟ್ಟೆಯಿಂದ ಬಂತೇ ಎಂದು ವಿಚಾರಿಸುವುದಿಲ್ಲ, ಸೀರೆ ಎಲ್ಲಿ ನೇಯ್ದದ್ದು ಎಂದು ನೋಡುತ್ತಾರೆ. ಉಜಿಯನ್ನೂ ಹೀಗೆಯೇ, ಬೆಳೆಯ ಊರೆನ್ನುವ ಬದಲು ಕಸುಬಿನ ಊರು ಎಂದು ತಿಳಿದು ಹೋದರೆ ಅದರ ಚರಿತ್ರೆ, ಅದರ ಬೀದಿ, ಅದರ ಇಂದಿನ ಜಗಳಗಳು ಎಲ್ಲವೂ ಅರ್ಥವಾಗುತ್ತವೆ ಎಂಬುದು ಈ ಲೇಖನದ ವಾದ.

ಚರಿತ್ರೆಯಿಂದ ಶುರು ಮಾಡೋಣ. 1191ರಲ್ಲಿ ಚೀನಾದಿಂದ ಮರಳಿದ ಝೆನ್ ಸನ್ಯಾಸಿ ಎಯ್‌ಸಾಯ್ ಚಹಾ ಬೀಜ ತಂದನೆಂದೂ, ಅವನಿಂದ ಬೀಜ ಪಡೆದ ಮ್ಯೊಎ ಎಂಬ ಸನ್ಯಾಸಿ ಕ್ಯೋಟೊದ ವಾಯವ್ಯದ ತೊಗಾನೊಒ ಬೆಟ್ಟದಲ್ಲಿ ಅದನ್ನು ನೆಟ್ಟನೆಂದೂ ಪರಂಪರೆ ಹೇಳುತ್ತದೆ. ಮುಂದೆ ಶ್ರೀಮಂತರ ನಡುವೆ ಚಹಾ ಪಂದ್ಯಗಳು ಶುರುವಾದವು: ಕುಡಿದು ನೋಡಿ ಯಾವ ಬಟ್ಟಲಿನದು ತೊಗಾನೊಒದ ಎಲೆ ಎಂದು ಹೇಳಬೇಕು. ಅದೊಂದೇ ಅಸಲಿ, ಮಿಕ್ಕ ಊರುಗಳದ್ದೆಲ್ಲ ಬರೀ ಹೆಸರಿಗೆ ಚಹಾ. ಆ ‘ಮಿಕ್ಕ ಊರು’ಗಳ ಪಟ್ಟಿಯಲ್ಲಿ ಉಜಿಯೂ ಇತ್ತು! ಹದಿನೈದನೇ ಶತಮಾನದಲ್ಲಿ ಆಟ ತಲೆಕೆಳಗಾಯಿತು, ಉಜಿಯೇ ಅಸಲಿ ಎನಿಸಿಕೊಂಡಿತು. ಅಷ್ಟರಲ್ಲಿ ತೊಗಾನೊಒದ ಮಣ್ಣು ಕೆಟ್ಟುಹೋಗಿರಲಿಲ್ಲ, ಉಜಿಯ ನದಿ ದಿಕ್ಕು ಬದಲಿಸಿಯೂ ಇರಲಿಲ್ಲ. ಸೇನಾಡಳಿತದ ದೊರೆಗಳಾದ ಶೋಗನ್‌ಗಳ ಆಸರೆ ಸಿಕ್ಕಿದ್ದು ಒಂದು ಕಾರಣ. ಅದಕ್ಕೂ ಮಿಗಿಲಾದ ಕಾರಣ, ಉಜಿಯವರು ಗಿಡಕ್ಕೆ ನೆರಳು ಕಟ್ಟುವುದನ್ನು ಕಲಿತಿದ್ದು.

ಈ ನೆರಳಿನ ವಿದ್ಯೆಯನ್ನು ತುಸು ಹತ್ತಿರದಿಂದ ನೋಡಬೇಕು. ವಸಂತದಲ್ಲಿ ಚಿಗುರು ಮೂಡುತ್ತಿದ್ದಂತೆ ತೋಟದ ಮೇಲೆ ಆಳೆತ್ತರಕ್ಕೂ ಮೀರಿದ ಚಪ್ಪರ ಏಳುತ್ತದೆ. ಮರದ ಕಂಬ, ಬಿದಿರಿನ ಗಳ, ಅದರ ಮೇಲೆ ಜೊಂಡಿನ ಚಾಪೆ. ಮೊದಲ ಕೆಲವು ದಿನ ಚಾಪೆಯ ಸಂದಿಯಿಂದ ಬಿಸಿಲು ಜರಡಿ ಹಿಡಿದಂತೆ ಇಳಿಯುತ್ತದೆ. ಆಮೇಲೆ ಆಳುಗಳು ಚಪ್ಪರ ಹತ್ತಿ, ಗಳಗಳ ಮೇಲೆ ಹೆಜ್ಜೆಯಿಡುತ್ತ, ಭತ್ತದ ಹುಲ್ಲನ್ನು ಕೈಯಿಂದ ಉದುರಿಸುತ್ತ ಹೋಗುತ್ತಾರೆ. ಒಂದು ಕಡೆ ದಟ್ಟ, ಇನ್ನೊಂದು ಕಡೆ ತೆಳು ಆಗುವಂತಿಲ್ಲ. ಕೊಯ್ಲಿನ ಹೊತ್ತಿಗೆ ಒಳಗೆ ಮುಸ್ಸಂಜೆಯಂಥ ಮಬ್ಬು. ಹೀಗೆ ಇಪ್ಪತ್ತು ದಿನಕ್ಕೂ ಹೆಚ್ಚು ಕತ್ತಲಲ್ಲಿಟ್ಟ ಗಿಡ ಸಿಕ್ಕಷ್ಟು ಬೆಳಕನ್ನು ಹಿಡಿಯಲು ಎಲೆಯನ್ನು ತೆಳ್ಳಗೆ, ಅಗಲವಾಗಿ, ಕಡು ಹಸಿರಾಗಿ ಬಿಡುತ್ತದೆ. ಬೇರಿನಲ್ಲಿ ತಯಾರಾಗಿ ಎಲೆಗೆ ಏರುವ ಥಿಯನೈನ್ ಎಂಬ ಅಮೈನೊ ಆಮ್ಲ ಬಿಸಿಲು ಬಿದ್ದರೆ ಒಗರಿನ ಕ್ಯಾಟೆಚಿನ್‌ಗಳಾಗಿ ಮಾರ್ಪಡುತ್ತದೆ. ನೆರಳಿನಲ್ಲಿ ಬಹುಪಾಲು ಹಾಗೆಯೇ ಉಳಿಯುತ್ತದೆ. ಉಜಿಯ ಒಳ್ಳೆಯ ಚಹಾದಲ್ಲಿ ನಾಲಿಗೆಗೆ ಸಿಗುವ, ಸಕ್ಕರೆಯದಲ್ಲದ ಆ ಮಂದವಾದ ಸವಿಯ ಗುಟ್ಟು ಇದು. ಹದಿನೇಳನೇ ಶತಮಾನದ ಆರಂಭದಲ್ಲಿ ಬರೆದ ಪೋರ್ಚುಗೀಸ್ ಪಾದ್ರಿ ಜುವಾವ್ ರೊಡ್ರಿಗೆಸ್ ಉಜಿಯ ಚಪ್ಪರಗಳನ್ನು ವರ್ಣಿಸಿದ್ದಾನೆ, ಅವು ಚಿಗುರನ್ನು ಹಿಮದ ಕೊರೆತದಿಂದ ಕಾಯಲು ಎನ್ನುತ್ತಾನೆ. ಬಹುಶಃ ಚಳಿಗೆಂದು ಶುರುವಾದದ್ದೇ ರುಚಿಗೆ ದಾರಿಯಾಯಿತು. ಇಂದು ಹೆಚ್ಚಿನ ತೋಟಗಳಲ್ಲಿ ಜೊಂಡು–ಹುಲ್ಲಿನ ಜಾಗಕ್ಕೆ ಕಪ್ಪು ಪ್ಲಾಸ್ಟಿಕ್ ಬಲೆ ಬಂದಿದೆ. ಹುಲ್ಲಿನ ಚಪ್ಪರ ಉಳಿಸಿಕೊಂಡವರು ಕೆಲವೇ ಮಂದಿ, ಅವರ ಎಲೆಗೆ ಬೆಲೆಯೂ ಹಾಗೆಯೇ ಇದೆ.

ಈ ವಿದ್ಯೆಯ ಬೆಲೆ ಅಧಿಕಾರಸ್ಥರಿಗೂ ಗೊತ್ತಿತ್ತು. ತೊಕುಗಾವಾ ಶೋಗನ್‌ಗಳು ನೆರಳು ಕಟ್ಟಿ ಬೆಳೆಯುವ ಹಕ್ಕನ್ನು ಉಜಿಯ ಚಹಾ ಮನೆತನಗಳಿಗಷ್ಟೇ ಕೊಟ್ಟರು. 1633ರಿಂದ ಪ್ರತಿ ವರ್ಷ ಖಾಲಿ ಜಾಡಿಗಳು ಎದೊ (ಇಂದಿನ ಟೋಕಿಯೊ) ನಗರದಿಂದ ಉಜಿಗೆ ಬಂದು, ಹೊಸ ಚಹಾ ತುಂಬಿಕೊಂಡು ಮೆರವಣಿಗೆಯಲ್ಲಿ ಹಿಂದಿರುಗುತ್ತಿದ್ದವು. ದಾರಿಯಲ್ಲಿ ಎದುರಾದ ಸಾಮಂತರೂ ಜಾಡಿಗಳಿಗೆ ದಾರಿ ಬಿಡಬೇಕಿತ್ತು. ಆದರೆ ಈ ಹಕ್ಕು ಸಿಗದವರು ಸುಮ್ಮನೆ ಕೂರಲಿಲ್ಲ ಎಂಬುದು ಕತೆಯ ಸ್ವಾರಸ್ಯ. ಪಕ್ಕದ ಬೆಟ್ಟದ ಸೀಮೆ ಉಜಿತವಾರಾದ ನಾಗತಾನಿ ಸೊಎನ್ ಎಂಬ ರೈತ, ಬಿಸಿಲಲ್ಲಿ ಬೆಳೆದ ಎಲೆಯಿಂದಲೇ ಒಳ್ಳೆಯ ಚಹಾ ಮಾಡುವ ಹಟ ಹಿಡಿದ. ಎಳೆ ಚಿಗುರನ್ನು ಹಬೆಯಲ್ಲಿ ಬೇಯಿಸಿ, ಬಿಸಿ ಒಲೆಯ ಮೇಲಿನ ಕಾಗದದ ಹಾಸಿನಲ್ಲಿ ಕೈಯಿಂದ ಹೊಸೆಯುತ್ತಲೇ ಒಣಗಿಸುವ ಅವನ ವಿಧಾನ 1738ರಲ್ಲಿ ಕೈಗೂಡಿತು. ಎದೊದ ವ್ಯಾಪಾರಿ ಯಾಮಾಮೊತೊ ಕಾಹೆಯ್ ಅದನ್ನು ಮಾರಿದ. ಇಂದು ಜಪಾನಿನ ಮನೆಮನೆಯ ಸೆಂಚಾ ಅದರದ್ದೇ ಸಂತಾನ. 1835ರ ಸುಮಾರಿಗೆ ಅದೇ ಯಾಮಾಮೊತೊ ಮನೆತನದವರ ಕೈಯಲ್ಲಿ ನೆರಳಿನ ಎಲೆಗೆ ಹೊಸೆಯುವ ವಿಧಾನ ಕೂಡಿ ಗ್ಯೊಕುರೊ ಹುಟ್ಟಿತು. ಆರಿದ ನೀರಿನಲ್ಲಿ, ಗುಟುಕು ಎನ್ನುವುದಕ್ಕೂ ಕಡಿಮೆ ಪ್ರಮಾಣದಲ್ಲಿ ಇಳಿಸಿಕೊಂಡು ಕುಡಿಯುವ ಚಹಾ ಅದು. ಹಾಲು, ಸಕ್ಕರೆ, ಶುಂಠಿಯ ನಮ್ಮ ಚಹಾಕ್ಕೆ ಒಗ್ಗಿದ ನಾಲಿಗೆಗೆ ಮೊದಲ ಸಲ ಸಾರಿನ ತಿಳಿ ಕುಡಿದಂತೆನಿಸಿದರೆ ಬೆಚ್ಚಬೇಕಿಲ್ಲ.

ಈಗ ಅಂಗಡಿಯ ಹಿಂದಿನ ಕೋಣೆಗೆ ಬರೋಣ. ಮಾಚಾ ಎಂಬ ಪುಡಿ ಚಹಾ ಆಗಬೇಕಾದ ಎಲೆಯನ್ನು ಹೊಸೆಯುವುದಿಲ್ಲ. ಹಬೆ ಹಿಡಿಸಿದ ಎಲೆಗಳನ್ನು ಗಾಳಿಯ ಜೋರಿನಿಂದ ಎತ್ತರದ ಬಲೆಯೊಳಕ್ಕೆ ಹಾರಿಸಿ, ಒಂದಕ್ಕೊಂದು ಅಂಟದಂತೆ ಬಿಡಿಸಿ, ಇಟ್ಟಿಗೆಯ ಉದ್ದನೆಯ ಒಲೆಯಲ್ಲಿ ಒಣಗಿಸುತ್ತಾರೆ. ಬಳಿಕ ನಾರು, ದೇಟು ತೆಗೆದು ಉಳಿಯುವ ಮೃದು ಚೂರುಗಳೇ ತೆಂಚಾ. ಇದನ್ನು ಬೀಸುವ ಗ್ರಾನೈಟ್ ಕಲ್ಲು ಗಂಟೆಗೆ ಕೊಡುವುದು ಸುಮಾರು 40 ಗ್ರಾಂ ಪುಡಿ, ಅಂದರೆ ಇಪ್ಪತ್ತು ಬಟ್ಟಲಿಗೆ ಸಾಕಾಗುವಷ್ಟು. ವೇಗ ಹೆಚ್ಚಿಸಿದರೆ ಕಲ್ಲು ಬಿಸಿಯಾಗಿ ಪರಿಮಳ ಕೆಡುತ್ತದೆ. ಇಷ್ಟೆಲ್ಲದರ ನಡುವೆ ಉಜಿಯ ನಿಜವಾದ ಬಂಡವಾಳ ಇರುವುದು ಬೆರಸುವವನ ನಾಲಿಗೆಯಲ್ಲಿ. ಒಂದೇ ತೋಟದ ಎಲೆ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಒಂದರಲ್ಲಿ ಬಣ್ಣ ಚೆನ್ನ, ಇನ್ನೊಂದರಲ್ಲಿ ಪರಿಮಳ, ಮತ್ತೊಂದರಲ್ಲಿ ಬಾಯಲ್ಲಿ ನಿಲ್ಲುವ ಗುಣ. ಬಿಳಿ ಬಟ್ಟಲುಗಳ ಸಾಲಿಟ್ಟು, ಕುದಿನೀರು ಹೊಯ್ದು, ಹಸಿಯಾದ ಎಲೆಯನ್ನು ಸೌಟಿನಿಂದ ಎತ್ತಿ ಮೂಸಿ ನೋಡಿ, ಹತ್ತಾರು ತೋಟಗಳ ಎಲೆಯನ್ನು ಬೆರಸಿ, ಅಂಗಡಿಯ ಹೆಸರಿನ ಆ ಒಂದು ರುಚಿಯನ್ನು ಪ್ರತಿ ವರ್ಷವೂ ಹೊಸದಾಗಿ ಕಟ್ಟಬೇಕು. ಗಿರಾಕಿಗೆ ವ್ಯತ್ಯಾಸ ತಿಳಿಯಲೇಬಾರದು. ನಾಲ್ಕು ಪ್ರಾಂತ್ಯಗಳ ಎಲೆಗೆ ಬಾಗಿಲು ತೆರೆದ 2004ರ ವ್ಯಾಖ್ಯೆಯ ತಳದಲ್ಲಿರುವುದು ಈ ಬೆರಕೆಯ ಕಸುಬು.

ಇದಕ್ಕೆ ಮೊದಲ ಆಕ್ಷೇಪ ಸಹಜವಾದದ್ದು: ಮಿಎಯಲ್ಲಿ ಬೆಳೆದ ಎಲೆಯನ್ನು ಉಜಿ ಎಂದು ಮಾರುವುದು ಮೋಸವಲ್ಲವೇ? ನಿಯಮ ಬಹಿರಂಗವಾಗಿದೆ, ಯಾರೂ ಓದಬಹುದು; ಆ ಮಟ್ಟಿಗೆ ಮೋಸವಿಲ್ಲ. ಬೇಲಿ ಬಿಗಿಯಾಗಿ ಹಾಕಿದ ಮಾತ್ರಕ್ಕೆ ಹೆಸರು ಭದ್ರವಾಗುತ್ತದೆ ಎಂದೂ ಇಲ್ಲ. ಡಾರ್ಜಿಲಿಂಗಿನಲ್ಲಿ ಬೆಳೆಯುವುದಕ್ಕಿಂತ ಹೆಚ್ಚು ‘ಡಾರ್ಜಿಲಿಂಗ್ ಚಹಾ’ ಜಗತ್ತಿನಲ್ಲಿ ಮಾರಾಟವಾಗುತ್ತದೆ ಎಂಬ ದೂರು ಹಳೆಯದು. ಆದರೂ ಆಕ್ಷೇಪದಲ್ಲಿ ಹುರುಳಿದೆ. ಬೀದಿಯಲ್ಲಿ ಐಸ್‌ಕ್ರೀಂ ಹಿಡಿದು ನಿಂತ ಪ್ರವಾಸಿಗೆ ಆ ನಿಯಮವನ್ನು ಯಾರೂ ಹೇಳುವುದಿಲ್ಲ, ಹೇಳದಿರುವುದರಿಂದ ಅಂಗಡಿಗೆ ಲಾಭವೇ. ಇನ್ನೂ ದೊಡ್ಡ ಅನ್ಯಾಯ ವಜುಕಾದಂಥ ಊರುಗಳಿಗೆ ಆಗುತ್ತದೆ. ಉಜಿಯ ಆಗ್ನೇಯದ ಕಡಿದಾದ ಬೆಟ್ಟಗಳಲ್ಲಿರುವ ಈ ಪುಟ್ಟ ಊರು ಕ್ಯೋಟೊ ಪ್ರಾಂತ್ಯದ ಚಹಾದಲ್ಲಿ ಅತಿ ದೊಡ್ಡ ಪಾಲು ಬೆಳೆಯುತ್ತದೆ. ಡಬ್ಬಿಯ ಮೇಲೆ ಅದರ ಹೆಸರು ಬಂದದ್ದು ತೀರಾ ಈಚೆಗೆ, ಅದೂ ಅಲ್ಲೊಂದು ಇಲ್ಲೊಂದು. ಬೆರಸುವವನ ನಾಲಿಗೆಗೆ ಸಲ್ಲುವ ಗೌರವದಲ್ಲಿ ಬೆಳೆಯುವವನ ಬೆನ್ನಿಗೂ ಒಂದು ಪಾಲು ಸಲ್ಲಲೇಬೇಕು. 2015ರಲ್ಲಿ ಈ ಸೀಮೆಯ ಚಹಾ ಪರಂಪರೆಯನ್ನು ‘ಜಪಾನ್ ಪರಂಪರೆ’ ಎಂದು ಸರ್ಕಾರ ಗುರುತಿಸಿದಾಗ ಉಜಿಯ ಜೊತೆ ವಜುಕಾ ಮೊದಲಾದ ಸುತ್ತಲ ಊರುಗಳನ್ನೂ ಸೇರಿಸಿದ್ದು ಸರಿಯಾದ ತಿದ್ದುಪಡಿ.

ಎರಡನೆಯದು ಇನ್ನೂ ಚೂಪಾದ ಪ್ರಶ್ನೆ. ಹೆಸರು ಕಸುಬಿನದೇ ಆದರೆ, ಕಸುಬು ಕಲಿತ ಯಾರ ಚಹಾವೂ ಉಜಿಯೇ ಆಗಬೇಕಲ್ಲ? ಚೀನಾದ ಗುಯ್ಝೌ ಪ್ರಾಂತ್ಯದಲ್ಲಿ ಇಂದು ದೊಡ್ಡ ಪ್ರಮಾಣದಲ್ಲಿ ನೆರಳು ಕಟ್ಟಿ, ಹಬೆ ಹಿಡಿಸಿ ಮಾಚಾ ಮಾಡುತ್ತಾರೆ. ಅಷ್ಟು ದೂರ ಹೋಗುವುದೇಕೆ, ಶಿಜುಒಕಾದ ಸೆಂಚಾ ತಯಾರಾಗುವುದೂ ನಾಗತಾನಿಯ ವಿಧಾನದ ಮುಂದುವರಿಕೆಯಲ್ಲೇ. ವಿದ್ಯೆ ಹರಡಿದೆ, ಹರಡುತ್ತಲೇ ಇರುತ್ತದೆ. ಆದರೆ ಚರಿತ್ರೆಯ ಸಾಕ್ಷಿ ನೋಡಿ: ಒಂದು ವಿಧಾನ ಊರು ದಾಟುವ ಹೊತ್ತಿಗೆ ಈ ಸೀಮೆ ಮುಂದಿನದರ ಕೆಲಸ ಶುರು ಮಾಡಿರುತ್ತದೆ. ನೆರಳು, ಆಮೇಲೆ ಹೊಸೆತ, ಆಮೇಲೆ ಎರಡೂ ಸೇರಿದ ಗ್ಯೊಕುರೊ, ಸುಮಾರು ನೂರು ವರ್ಷದ ಹಿಂದೆ ತೆಂಚಾ ಒಣಗಿಸುವ ಇಟ್ಟಿಗೆ ಒಲೆಯ ಯಂತ್ರ. ಯಂತ್ರ ಬಂದ ಮೇಲೆ ಕೈಕೆಲಸ ಎಲ್ಲಿ ಉಳಿಯಿತು ಎನ್ನುವವರಿಗೂ ಇದೇ ಉತ್ತರ. ಆ ಯಂತ್ರ ಹುಟ್ಟಿದ್ದೂ ಇಲ್ಲಿಯವರ ತಲೆಯಲ್ಲೇ. ಜಪಾನಿನ ಬಹುಪಾಲು ತೋಟಗಳು ಯಾಬುಕಿತಾ ಎಂಬ ಒಂದೇ ತಳಿಗೆ ಒಲಿದಾಗಲೂ ಉಜಿಯವರು ಸಾಮಿದೊರಿ, ಅಸಾಹಿ, ಗೊಕೊ ಎಂದು ತಮ್ಮ ಸೀಮೆಯ ಹಳೆಯ ಗಿಡಗಳಿಂದ ಆರಿಸಿದ ತಳಿಗಳನ್ನು ಬಿಡಲಿಲ್ಲ. ಇಲ್ಲಿ ಮಣ್ಣಿನ ಪರವಾಗಿ ಒಂದು ಮಾತು ಒಪ್ಪಲೇಬೇಕು. ನದಿಯ ಮಂಜು, ಮರಳು ಬೆರೆತ ದಡದ ನೆಲ, ಹುಲ್ಲಿನ ಚಪ್ಪರ ಮೂರೂ ಕೂಡಿದ ಉಜಿಯ ಕೆಲವೇ ತೋಟಗಳ ಕೈಕೊಯ್ಲಿನ ತೆಂಚಾ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಮತ್ತೆ ಮತ್ತೆ ಗೆಲ್ಲುತ್ತದೆ. ಮಣ್ಣಿಗೆ ಬೆಲೆಯಿಲ್ಲ ಎಂದು ವಾದಿಸಿದರೆ ಅದು ಹಟವಾದೀತು. ಮಣ್ಣೊಂದೇ ಆಧಾರವಾಗಿದ್ದರೆ ಏಳರಲ್ಲಿ ಆರು ತೋಟ ಹೋದಾಗಲೇ ಉಜಿಯ ಹೆಸರೂ ಹೋಗಬೇಕಿತ್ತು ಎಂಬುದಷ್ಟೇ ನನ್ನ ಮಾತು.

ನನಗೆ ಆತಂಕ ಬೇರೆ ಕಡೆಯಿಂದ. 2024ರ ಶರತ್ಕಾಲದಲ್ಲಿ ಮಾಚಾದ ಜಾಗತಿಕ ಬೇಡಿಕೆ ಹೇಗೆ ಏರಿತೆಂದರೆ ಕ್ಯೋಟೊದ ಹೆಸರಾಂತ ಇಪ್ಪೊದೊ, ಮಾರುಕ್ಯು ಕೊಯಾಮಾಎನ್ ಅಂಗಡಿಗಳೂ ಗಿರಾಕಿಗೆ ಇಂತಿಷ್ಟೇ ಎಂದು ಮಿತಿ ಹಾಕಬೇಕಾಯಿತು. ಬೆಲೆ ಏರಿದಾಗ ಸೆಂಚಾ ಬೆಳೆಯುವವರು ಬಲೆ ಹೊದಿಸಿ ತೆಂಚಾದ ಕಡೆ ತಿರುಗುವುದು ಲೆಕ್ಕಾಚಾರದ ಮಾತು, ಅವರನ್ನು ದೂರುವಂತಿಲ್ಲ. ಆದರೆ ಹಾಲು, ಸಕ್ಕರೆ, ಮಂಜುಗಡ್ಡೆಯಲ್ಲಿ ಕಲಸುವ ಪುಡಿಗೆ ಬೆರಸುವವನ ನಾಲಿಗೆ ಬೇಕಾಗುವುದಿಲ್ಲ, ಹಸಿರು ಬಣ್ಣವಿದ್ದರೆ ಸಾಕು. ಕೊಳ್ಳುವವರಿಗೇ ರುಚಿಯ ವ್ಯತ್ಯಾಸ ಬೇಡವಾದರೆ, ಅದನ್ನು ಗುರುತಿಸಬಲ್ಲ ಕಸುಬಿಗೆ ಯಾರು ಸಂಬಳ ಕೊಡುತ್ತಾರೆ? ಎಲೆಯ ಕೊರತೆಗಿಂತ ಇದು ಉಜಿಗೆ ದೊಡ್ಡ ಅಪಾಯ ಎಂದು ನನ್ನ ಎಣಿಕೆ.

ಹೋಗಬೇಕೆನ್ನುವವರು ಮೇ ತಿಂಗಳಲ್ಲಿ ಹೋಗುವುದು ಲೇಸು. ಚಪ್ಪರಗಳೂ ಇರುತ್ತವೆ, ಹೊಸ ಎಲೆಯ ಸೆಂಚಾವೂ ಬಂದಿರುತ್ತದೆ. ಹತ್ತು ಯೆನ್ ನಾಣ್ಯದ ಮೇಲಿರುವ ಬ್ಯೊದೊಇನ್‌ನ 1053ರ ಫೀನಿಕ್ಸ್ ಮಂಟಪವನ್ನು ಯಾರೂ ಬಿಡುವುದಿಲ್ಲ, ಅದರ ಬಗ್ಗೆ ಇಲ್ಲಿ ಹೇಳಬೇಕಿಲ್ಲ. ಉಜಿ ಸೇತುವೆಯ ಪೂರ್ವದ ತುದಿಯಲ್ಲಿ 1160ರಲ್ಲಿ ಶುರುವಾಯಿತೆಂದು ಹೇಳಿಕೊಳ್ಳುವ ತ್ಸೂಎನ್ ಅಂಗಡಿಯಿದೆ, ಕಟ್ಟಡ 1672ರದ್ದು. ಅದಕ್ಕೆ ಹತ್ತಿರದಲ್ಲೇ 2021ರಲ್ಲಿ ತೆರೆದ ಚಾಜುನಾ ಎಂಬ ಚಹಾ ಚರಿತ್ರೆಯ ಉದ್ಯಾನದಲ್ಲಿ ಕಲ್ಲಿನಲ್ಲಿ ಬೀಸಿ ನೋಡುವ ಅವಕಾಶವಿದೆ. ಗುಡ್ಡ ತುಂಬಿದ ತೋಟವನ್ನೇ ನೋಡಬೇಕೆಂದರೆ ನಾರಾ ಕಡೆಯ ರೈಲಿನಲ್ಲಿ ಮುಂದೆ ಹೋಗಿ, ಕಿಜುವಿನಲ್ಲಿ ರೈಲು ಬದಲಿಸಿ ಕಾಮೊ ನಿಲ್ದಾಣದಲ್ಲಿ ಇಳಿದು ವಜುಕಾದ ಬಸ್ಸು ಹತ್ತಬೇಕು. ಬಸ್ಸುಗಳು ವಿರಳ, ಹಿಂದಿರುಗುವ ವೇಳೆಯನ್ನು ಇಳಿಯುವಾಗಲೇ ನೋಡಿಟ್ಟುಕೊಳ್ಳುವುದು ಒಳ್ಳೆಯದು. ಉಜಿಯ ಅಂಗಡಿಯಲ್ಲಿ ಚಹಾ ಕೊಳ್ಳುವಾಗ ಎಲೆ ಯಾವ ಊರಿನದು, ಬೆರಸಿದವರು ಯಾರು ಎಂದು ಎರಡನ್ನೂ ಕೇಳಬಹುದು. ಒಳ್ಳೆಯ ಅಂಗಡಿಯವರು ಎರಡಕ್ಕೂ ಉತ್ತರ ಕೊಡುತ್ತಾರೆ.