ಸಂಘದ ಕೆಲಸಕ್ಕೂ ಮುಯ್ಯಾಳು ಬೇಕು

ನಾಟಿಯ ಕಾಲಕ್ಕೆ ಮುಯ್ಯಾಳು ಹೋಗುವುದು ನಮ್ಮ ಹಳ್ಳಿಗಳ ಹಳೆಯ ಪದ್ಧತಿ. ಇಂದು ನನ್ನ ಗದ್ದೆಗೆ ನೀವು ಬಂದರೆ ನಾಳೆ ನಿಮ್ಮ ಗದ್ದೆಗೆ ನಾನು ಬರುತ್ತೇನೆ. ಇದರಲ್ಲಿ ಕೂಲಿಯ ಮಾತಿಲ್ಲ, ಹಂಗಿನ ಮಾತೂ ಇಲ್ಲ. ಹಾಗೆ ಹೋದವರು ಬರಿಯ ಕೈಕೆಲಸ ಮಾಡಿ ಹಿಂತಿರುಗುವುದಿಲ್ಲ. ಪಕ್ಕದವರು ಸಸಿಮಡಿಯನ್ನು ಹೇಗೆ ಮಾಡಿದ್ದಾರೆ, ನೀರನ್ನು ಎಲ್ಲಿ ತಿರುಗಿಸಿದ್ದಾರೆ ಎಂದು ನೋಡಿಕೊಂಡು ಬರುತ್ತಾರೆ. ಒಳ್ಳೆಯದೆನಿಸಿದ್ದು ಮುಂದಿನ ವರ್ಷ ಅವರ ಗದ್ದೆಯಲ್ಲೂ ಕಾಣುತ್ತದೆ.

ಊರಿನ ಸಣ್ಣ ಸಂಘಗಳನ್ನು ನಡೆಸುವವರಿಗೂ ಇಂಥ ಮುಯ್ಯಿ ಬೇಕೆಂದು ಹೇಳುವುದೇ ಈ ಲೇಖನದ ಉದ್ದೇಶ. ಸ್ವಸಹಾಯ ಸಂಘ, ಯುವಕ ಮಂಡಳಿ, ಮಹಿಳಾ ಸಮಾಜ, ಕೆರೆ ಸಂಘ ಮೊದಲಾದವುಗಳ ಮುಂದಾಳುಗಳು ನಮ್ಮ ನಿಮ್ಮಂತೆಯೇ ಹೊಲ ಮನೆ ನೋಡಿಕೊಳ್ಳುವವರು. ಹೆಚ್ಚಿನವರಿಗೆ ಸಂಬಳವಿಲ್ಲ. ಸಂಘ ನಡೆಸುವ ವಿದ್ಯೆಯನ್ನು ಅವರು ಶಾಲೆಯಲ್ಲಿ ಕಲಿತು ಬಂದವರೂ ಅಲ್ಲ. ಹಾಗಾದರೆ ಯಾರಿಂದ ಕಲಿಯಬೇಕು? ಇನ್ನೊಂದು ಊರಿನಲ್ಲಿ ಅದೇ ಹೊರೆಯನ್ನು ಹೊತ್ತವರಿಂದ.

ಒಬ್ಬರ ಮೇಲೆ ನಿಂತ ಸಂಘ

ಹೀಗೊಂದು ಸಂಘವನ್ನು ಯೋಚಿಸಿ ನೋಡಿ. ಇಪ್ಪತ್ತು ಮಂದಿ ಸದಸ್ಯರು. ಅವರಲ್ಲಿ ಓದುಬರಹ ಚೆನ್ನಾಗಿ ಬಲ್ಲವರು ಒಬ್ಬರೇ. ಸಭೆ ಕರೆಯುವವರೂ ಅವರೇ, ಪುಸ್ತಕ ಬರೆಯುವವರೂ ಅವರೇ, ಬ್ಯಾಂಕಿಗೆ ಹೋಗುವವರೂ ಅವರೇ. ಮೊದಲ ಎರಡು ವರ್ಷ ಎಲ್ಲರೂ ಹೊಗಳುತ್ತಾರೆ. ಮೂರನೆಯ ವರ್ಷ ಅವರು ಕಾಯಿಲೆ ಬೀಳುತ್ತಾರೆ, ಇಲ್ಲವೆ ಮಗನ ಜೊತೆ ಪಟ್ಟಣ ಸೇರುತ್ತಾರೆ. ಲೆಕ್ಕದ ಪುಸ್ತಕ ಅಟ್ಟಕ್ಕೆ ಹೋಗುತ್ತದೆ. ಯಾರ ಸಾಲ ಎಷ್ಟು ಬಾಕಿ ಎಂದು ಹೇಳಬಲ್ಲವರು ಇಲ್ಲ. "ಹಣವನ್ನೆಲ್ಲ ತಿಂದುಹಾಕಿದರಂತೆ" ಎಂಬ ಮಾತು ಅರಳಿಕಟ್ಟೆಯ ಮೇಲೆ ಹುಟ್ಟುತ್ತದೆ. ಕದ್ದವರು ಯಾರೂ ಇಲ್ಲದಿದ್ದರೂ ಸಂಘ ಮುರಿಯುತ್ತದೆ. ಕೂಲಿಯಲ್ಲಿ ಉಳಿಸಿ ವಾರವಾರ ಹಣ ಕಟ್ಟಿದ ಬಡವಿಯ ಗಂಟು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆಮೇಲೆ ಎಷ್ಟೋ ವರ್ಷ ಆ ಊರಿನಲ್ಲಿ ಸಂಘವೆಂದರೆ ಜನ ಮುಖ ತಿರುಗಿಸುತ್ತಾರೆ.

ಇಲ್ಲಿ ಕೊರತೆಯಾದದ್ದು ಹಣವಲ್ಲ. ಸಂಘ ನಡೆಸುವ ತಿಳಿವಳಿಕೆ ಒಬ್ಬರಲ್ಲೇ ಉಳಿದುಹೋದದ್ದು.

ನಮ್ಮ ನಾಡಿನ ಅನುಭವ

ಕೂಡಿ ದುಡಿಯುವುದು ನಮಗೆ ಹೊಸತಲ್ಲ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದಿತು. ಮರುವರ್ಷವೇ, 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘವನ್ನು ಸ್ಥಾಪಿಸಿದರು. ಊರಿನವರೇ ಮುಂದೆ ನಿಂತು ಕಟ್ಟಿದ ಸಂಘ ಅದು.

1952ರ ಅಕ್ಟೋಬರ್ 2ರಂದು ದೇಶದ 55 ಕಡೆಗಳಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಪ್ರಾರಂಭವಾಯಿತು. ಈ ಕೆಲಸವನ್ನು ಪರಿಶೀಲಿಸಿದ ಬಲವಂತರಾಯ್ ಮೆಹ್ತಾ ಸಮಿತಿಯು 1957ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಜನರು ತಾವಾಗಿಯೇ ಮುಂದೆ ಬರುವಂತೆ ಮಾಡುವುದರಲ್ಲಿ ಯೋಜನೆ ಸಫಲವಾಗಿಲ್ಲವೆಂದು ಅದು ಹೇಳಿತು. ಮೇಲಿನಿಂದ ಬಂದ ಉಪದೇಶ ಎಷ್ಟೇ ಒಳ್ಳೆಯದಾದರೂ, ಅದನ್ನು ಕೈಗೆತ್ತಿಕೊಂಡು ನಡೆಸುವವರು ಊರಿನಲ್ಲೇ ಹುಟ್ಟಬೇಕು.

ಆ ಮುಂದಾಳುಗಳು ಒಬ್ಬಿಬ್ಬರೇ ಆದರೂ ಸಾಲದು ಎಂಬ ಪಾಠ ಕರ್ನಾಟಕದಲ್ಲೇ ಸಿಕ್ಕಿತು. 1968ರಲ್ಲಿ ಸ್ಥಾಪನೆಯಾದ ಮೈರಾಡ ಸಂಸ್ಥೆ ಹಳ್ಳಿಗಳಲ್ಲಿ ಸಹಕಾರ ಸಂಘಗಳನ್ನು ಕಟ್ಟಲು ನೆರವಾಗುತ್ತಿತ್ತು. 1984-85ರ ವೇಳೆಗೆ ಅವುಗಳಲ್ಲಿ ಕೆಲವು ಮುರಿದುಬಿದ್ದವು. ಸದಸ್ಯರಿಗೆ ಮುಂದಾಳುಗಳಲ್ಲಿ ನಂಬಿಕೆ ಹೋಗಿತ್ತು. ಸಾಲವನ್ನು ತೀರಿಸಲು ಸಿದ್ಧ, ಆದರೆ ಒಬ್ಬಿಬ್ಬರ ಹಿಡಿತದಲ್ಲಿರುವ ಆ ಸಂಘಕ್ಕೆ ಕೊಡುವುದಿಲ್ಲ ಎಂದರು. ಹಾಗೆ ಹೊರಬಂದವರು ಒಬ್ಬರನ್ನೊಬ್ಬರು ನಂಬುವ ಸಣ್ಣ ಸಣ್ಣ ಗುಂಪುಗಳಾಗಿ ಕುಳಿತು ಹಣದ ವ್ಯವಹಾರ ನಡೆಸತೊಡಗಿದರು. ಇದೇ ಸ್ವಸಹಾಯ ಸಂಘಗಳ ಬೀಜ. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ ಹತ್ತು ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ದೇಶದಲ್ಲಿ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕಾರ್ಯಕ್ರಮವನ್ನು ಕೈಗೊಂಡಿತು.

ಗುಂಪು ಸಣ್ಣದಾದ್ದರಿಂದ ಎಲ್ಲರ ಮಾತಿಗೂ ಎಡೆಯಿತ್ತು. ಸಭೆ ನಡೆಸುವ ಕೆಲಸ ಸರದಿಯ ಮೇಲೆ ಬರುವುದಾದರೆ ಮಾತಾಡಲು ಅಂಜುತ್ತಿದ್ದ ಹೆಂಗಸೂ ಒಂದು ದಿನ ಸಭೆಯ ಮುಂದೆ ಕೂರಬೇಕಾಗುತ್ತದೆ. ಮುಂದಾಳುತನ ಹುಟ್ಟಿನಿಂದ ಬರುವುದಲ್ಲ, ಸರದಿಯಿಂದ ಬರುವುದು.

2011ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಮಿಷನ್‌ನಲ್ಲಿ ಈ ಮಾತನ್ನು ಇನ್ನೂ ಮುಂದಕ್ಕೆ ಒಯ್ದರು. ಸಂಘದಿಂದಲೇ ಬಡತನವನ್ನು ದಾಟಿ ಬಂದ ಆಂಧ್ರದ ಮಹಿಳೆಯರು ಬೇರೆ ರಾಜ್ಯಗಳ ಹಳ್ಳಿಗಳಿಗೆ ಹೋಗಿ, ಅಲ್ಲೇ ತಂಗಿದ್ದು, ಹೊಸ ಸಂಘಗಳನ್ನು ಕಟ್ಟಿಸಿದರು. "ನಾನೂ ನಿನ್ನಂತೆಯೇ ಇದ್ದೆ" ಎಂದು ಹೇಳಬಲ್ಲವರ ಮಾತಿಗೆ ಇರುವ ಬೆಲೆ ಭಾಷಣಕ್ಕೆ ಇಲ್ಲ.

ಪುಸ್ತಕ ಬಿಚ್ಚಿ ಕಲಿಯುವುದು

ಒಂದು ಸಂಘದವರು ಇನ್ನೊಂದು ಸಂಘಕ್ಕೆ ಹೋದಾಗ ಮೊದಲು ನೋಡಬೇಕಾದದ್ದು ಲೆಕ್ಕ. ಇಪ್ಪತ್ತು ಸದಸ್ಯರು ವಾರಕ್ಕೆ 20 ರೂಪಾಯಿಯಂತೆ ಕಟ್ಟಿದರೆ ವಾರಕ್ಕೆ 400, 52 ವಾರಕ್ಕೆ 20,800 ರೂಪಾಯಿ ಉಳಿತಾಯವಾಗುತ್ತದೆ. ಒಳ ಸಾಲದ ಬಡ್ಡಿ 1,500, ದಂಡ 100 ಬಂದಿದೆ ಎನ್ನೋಣ. ಒಟ್ಟು 22,400. ಇದರಲ್ಲಿ ಪುಸ್ತಕ ಮತ್ತು ಬಸ್ಸಿನ ಖರ್ಚು 400 ಕಳೆದರೆ 22,000 ಉಳಿಯಬೇಕು.

ಈಗ ಆ ಹಣ ಎಲ್ಲಿದೆ ಎಂದು ನೋಡಿ. ಪೆಟ್ಟಿಗೆಯಲ್ಲಿ 500, ಬ್ಯಾಂಕಿನಲ್ಲಿ 3,500, ಸದಸ್ಯರ ಮೇಲಿನ ಸಾಲದ ಬಾಕಿ 18,000. ಕೂಡಿಸಿದರೆ 22,000. ಲೆಕ್ಕ ಸರಿಯಾಯಿತು. ಸಾಲದ ಪುಸ್ತಕದಲ್ಲಿ 17,400 ಎಂದಿದ್ದರೆ 600 ರೂಪಾಯಿ ಕಡಿಮೆ. ಕೂಡಲೇ ಕಳ್ಳತನವೆಂದು ಕೂಗಬಾರದು. ಯಾರಿಗೋ 600 ರೂಪಾಯಿ ಸಾಲ ಕೊಟ್ಟು ಬರೆಯಲು ಮರೆತಿರಬಹುದು. ಇಂಥ ತಪ್ಪು ತನ್ನ ಪುಸ್ತಕದಲ್ಲೂ ಒಮ್ಮೆ ಆಗಿತ್ತೆಂದು ನೆರೆಯೂರಿನ ಕಾರ್ಯದರ್ಶಿ ಹೇಳಿದರೆ ಈ ಊರಿನವರ ಮುಖ ಬಾಡುವುದಿಲ್ಲ. ಪುಸ್ತಕ ಸರಿಯಾಗುತ್ತದೆ, ಮಾನವೂ ಉಳಿಯುತ್ತದೆ.

ನಿಯಮಿತ ಸಭೆ, ನಿಯಮಿತ ಉಳಿತಾಯ, ಒಳ ಸಾಲ, ಸಕಾಲದ ಮರುಪಾವತಿ, ಸರಿಯಾದ ಲೆಕ್ಕ ಎಂಬ ಐದನ್ನು ಸ್ವಸಹಾಯ ಸಂಘದ ಪಂಚಸೂತ್ರವೆನ್ನುತ್ತಾರೆ. ಸೂತ್ರವನ್ನು ಬಾಯಿಪಾಠ ಮಾಡಬಹುದು. ಕಂತು ತಪ್ಪಿಸಿದ ಸ್ವಂತ ನಾದಿನಿಯನ್ನು ಸಭೆಯಲ್ಲಿ ಹೇಗೆ ಕೇಳಬೇಕು ಎಂಬುದನ್ನು ಮಾತ್ರ ಹಾಗೆ ಕೇಳಿದವರಿಂದಲೇ ಕಲಿಯಬೇಕು.

ಪ್ರಾರಂಭಿಸುವ ಕ್ರಮ

1. ಹತ್ತಿರದ ಮೂರು ನಾಲ್ಕು ಊರುಗಳ ಸಂಘಗಳು ಒಪ್ಪಿಕೊಳ್ಳಲಿ. ಸಂಜೆಯೊಳಗೆ ಮನೆ ಸೇರುವಷ್ಟು ದೂರವಿದ್ದರೆ ಹೆಂಗಸರಿಗೂ ಅನುಕೂಲ.

2. ಪ್ರತಿ ಸಂಘದಿಂದ ಇಬ್ಬರು ಬರಲಿ. ಒಬ್ಬರು ಈಗ ನಡೆಸುತ್ತಿರುವವರು, ಇನ್ನೊಬ್ಬರು ಮುಂದೆ ನಡೆಸಬೇಕಾದವರು. ಈ ಎರಡನೆಯವರನ್ನು ಮರೆಯಬಾರದು. ಸಂಘದ ಆಯುಷ್ಯ ಅವರ ಕೈಯಲ್ಲಿದೆ.

3. ತಿಂಗಳಿಗೊಮ್ಮೆ ಒಂದೊಂದು ಊರಿನಲ್ಲಿ ಸೇರಿ. ಮೊದಲು ಆ ಊರಿನ ಸಂಘದ ಸಭೆಯನ್ನು ಮಾತಾಡದೆ ನೋಡಿ. ಹಾರ ತುರಾಯಿ ಬೇಡ. ಎಂದಿನಂತೆ ನಡೆಯುವ ಸಭೆಯೇ ಪಾಠ.

4. ಆಮೇಲೆ ಪ್ರತಿಯೊಬ್ಬರೂ ತಮ್ಮ ಸಂಘದ ಒಂದು ತೊಡಕನ್ನು ಹೇಳಲಿ. ಕೇಳುವವರು ಬುದ್ಧಿ ಹೇಳಲು ಆತುರಪಡದೆ ಮೊದಲು ಪ್ರಶ್ನೆ ಕೇಳಲಿ. ನಂತರ "ನಮ್ಮಲ್ಲಿ ಹೀಗಾದಾಗ ಹೀಗೆ ಮಾಡಿದೆವು" ಎಂದು ಹೇಳಲಿ. ಸೋತ ಕಥೆಯನ್ನೂ ಹೇಳಬೇಕು.

5. ಏಳುವ ಮೊದಲು ಒಬ್ಬೊಬ್ಬರೂ ಮಾಡಿ ನೋಡುವ ಒಂದೊಂದು ಕೆಲಸವನ್ನು ಬರೆದಿಡಿ. ಮುಂದಿನ ಸಭೆ ಅದರಿಂದಲೇ ಆರಂಭವಾಗಲಿ.

6. ಊರಿಗೆ ಮರಳಿದ ಮೇಲೆ ನೋಡಿದ್ದನ್ನು ತಮ್ಮ ಸಂಘದ ಎಲ್ಲರಿಗೂ ತಿಳಿಸಬೇಕು.

ಎಚ್ಚರಿಕೆಯ ಮಾತು

ಒಂದು ಕೇರಿಯವರು ಕಾಲಿಡಲು ಹಿಂಜರಿಯುವ ಜಗಲಿಯಲ್ಲಿ ಸಭೆ ಕೂಡಬೇಡಿ. ಶಾಲೆಯ ಅಂಗಳ ಎಲ್ಲರದು. ಅಲ್ಲಿ ಕೇಳಿದ ಇನ್ನೊಂದು ಸಂಘದ ಜಗಳವನ್ನು ದಾರಿಯುದ್ದಕ್ಕೂ ಹಂಚಬೇಡಿ. ಹಾಗಾದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ. ಪ್ರತಿಸಲವೂ ಒಬ್ಬ ಅಧ್ಯಕ್ಷರೇ ಹೊರಟರೆ ಕಲಿಕೆ ಮತ್ತೆ ಒಬ್ಬರಲ್ಲೇ ನಿಲ್ಲುತ್ತದೆ. ಇನ್ನೊಂದು ಮಾತು: ತಪ್ಪನ್ನೂ ಒಬ್ಬರಿಂದೊಬ್ಬರು ಕಲಿಯಬಹುದು. ಕಾನೂನು, ನೋಂದಣಿ, ಬ್ಯಾಂಕಿನ ನಿಯಮ ಇಂಥ ವಿಷಯಗಳಲ್ಲಿ ಊಹೆ ಬೇಡ. ಬಲ್ಲ ಅಧಿಕಾರಿಗಳನ್ನು ಕರೆದು ಕೇಳಿ.

ದೇಶ ಸುತ್ತಿ ನೋಡು, ಕೋಶ ಓದಿ ನೋಡು ಎಂದರು ಹಿರಿಯರು. ನಾವು ದೇಶವನ್ನೆಲ್ಲ ಸುತ್ತಬೇಕಾಗಿಲ್ಲ. ಹೊಲದ ಕೆಲಸ ಬಿಡುವಾದ ಒಂದು ದಿನ ಲೆಕ್ಕದ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ನೆರೆಯೂರಿಗೆ ಹೋಗಿ. ನಿಮ್ಮ ನಂತರ ಸಂಘವನ್ನು ನಡೆಸಬೇಕಾದವರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರು ಮುಂದಿನ ತಿಂಗಳು ನಿಮ್ಮೂರಿಗೆ ಬರಲಿ. ಮುಯ್ಯಿ ತೀರಿಸದೆ ಬಿಡಬಾರದಷ್ಟೆ.